ಮೂರು ಭಾಷೆ, ಮೂರು ವರ್ಷದ ಮಗಳು

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪ್ಲೇಸ್ಕೂಲಲ್ಲಿ ಇಂಗ್ಲಿಷ್, ಮೂರು ವರ್ಷದ ಮಗಳ ತಲೆ ಕೆಡಲ್ವಾ ಅಂತ ಕೇಳಿದ್ದೀರಿ. ಕೆಡಲ್ಲ. 'ಅಮ್ಮಾ, ನೀಳ್ಳು (ತೆಲುಗಲ್ಲಿ ನೀರು) ಬೇಕು' ಅಂದರೆ ಅದು ಗೊಂದಲವಲ್ಲ, ಕೈಗೆ ಸಿಕ್ಕ ಪದ ಬಳಸೋದು ಅಷ್ಟೆ. ಯಾರ ಹತ್ತಿರ ಯಾವ ಭಾಷೆ ಅನ್ನೋದು ಮಕ್ಕಳಿಗೆ ಬೇಗ ಹತ್ತುತ್ತೆ. ಪದ ಕಡಿಮೆ ಅನ್ನಿಸಿದರೆ ಮೂರೂ ಭಾಷೆಯವನ್ನು ಸೇರಿಸಿ ಎಣಿಸಿ. ನಮ್ಮ ಬೆಂಗಳೂರಿನ ಗವಿಪುರದಲ್ಲಿದ್ದ ಸಾಹಿತಿ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರವಣಿಗೆಗೆ!

ಇಂಗ್ಲಿಷ್ ಚಿಂತೆ ಬಿಡಿ, ಈ ಊರಲ್ಲಿ ಅದು ತಾನಾಗೇ ಬರುತ್ತೆ. ಸೊರಗೋದು ಉಳಿದೆರಡು. (ನಮ್ಮ ಅಪಾರ್ಟ್‌ಮೆಂಟಲ್ಲಿ ಕಣ್ಣಾಮುಚ್ಚಾಲೆಯೂ ಇಂಗ್ಲಿಷಲ್ಲೇ.) ಅಜ್ಜಿ ತೆಲುಗಲ್ಲೇ ಕಥೆ ಹೇಳಲಿ, ನೀವು ಸೊಪ್ಪಿನವರ ಹತ್ತಿರ ಮಗಳ ಮುಂದೆಯೇ ಕನ್ನಡದಲ್ಲಿ ಚೌಕಾಸಿ ಮಾಡಿ. ಯಾವ ಭಾಷೆಯಲ್ಲೂ ಮಾತು ಬರದಿದ್ದರೆ ಕಿವಿ ಪರೀಕ್ಷೆ ಮಾಡಿಸಿ.