ಗೇಟ್ ದಾಟಿದರೂ ಬಾಗಿಲು ತೆರೆಯಲಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ತಂದೆಯ ಜೊತೆ ನನ್ನ ಬಳಿ ಬಂದ ಹುಡುಗಿ ಕುರ್ಚಿಯಲ್ಲಿ ಕೂರುವ ಮೊದಲೇ, ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಮೂರು ವರ್ಷದ ಬಿ.ಎಸ್ಸಿ. ಕೊನೆಯ ವರ್ಷದಲ್ಲೇ ಗೇಟ್ ಭೌತಶಾಸ್ತ್ರ ಪತ್ರಿಕೆ ಬರೆದು ಅರ್ಹತೆ ಪಡೆದಿದ್ದಳು. ಎಂ.ಟೆಕ್ ಅರ್ಜಿ ಮಾತ್ರ ಎಲ್ಲೂ ಮುಂದೆ ಹೋಗುತ್ತಿಲ್ಲ.

"ಪರೀಕ್ಷೆಗೆ ಕೂರಿಸಿ, ಪಾಸಾದ ಮೇಲೆ ಬೇಡ ಎನ್ನುವುದು ಯಾವ ನ್ಯಾಯ ಮೇಡಂ?"

ಅವಳ ಸಿಟ್ಟು ಸಹಜವೇ. ಪದವಿಯ ಮೂರನೇ ವರ್ಷದಲ್ಲಿರುವ ಯಾರಾದರೂ ಗೇಟ್ ಬರೆಯಬಹುದು. ಸೀಟು ಕೊಡುವುದು ಸಂಸ್ಥೆಯ ವಿಭಾಗ. ಅದು ಸಾಮಾನ್ಯವಾಗಿ ಬಿ.ಇ. ಅಥವಾ ಸಂಬಂಧಪಟ್ಟ ಎಂ.ಎಸ್ಸಿ. ಕೇಳುತ್ತದೆ. ಈ ವ್ಯತ್ಯಾಸವನ್ನು ಹೇಳದೆ ಒಂದು ಕೋಚಿಂಗ್ ಕೇಂದ್ರ ವರ್ಷದ ಶುಲ್ಕ ವಸೂಲು ಮಾಡಿತ್ತು.

ತಂದೆ ನೆಲ ನೋಡುತ್ತ ಕೂತಿದ್ದರು. "ಪಿಯುಸಿ ಆದಾಗಲೇ ಬಿ.ಇ.ಗೆ ಸೇರಿಸಬೇಕಿತ್ತು. ಆಗ ಕೈಯಲ್ಲಿ ಕಾಸಿರಲಿಲ್ಲ," ಎಂದರು. ಆ ಮಾತನ್ನು ಅಲ್ಲಿಗೇ ಬಿಟ್ಟು, ಪ್ರಯೋಗಾಲಯದಲ್ಲಿ ಇಷ್ಟವಾದದ್ದು ಯಾವುದು ಎಂದು ಮಗಳನ್ನು ಕೇಳಿದೆ. ಅವಳು ಪೆನ್ನು ತೆಗೆದು ಅಂಕಪಟ್ಟಿಯ ಲಕೋಟೆಯ ಹಿಂದೆ ಝೀನರ್ ಡಯೋಡ್ ಎಂಬ ಅರೆವಾಹಕ (ಸೆಮಿಕಂಡಕ್ಟರ್) ಬಿಡಿಭಾಗದಲ್ಲಿ ವೋಲ್ಟೇಜಿಗೆ ತಕ್ಕಂತೆ ವಿದ್ಯುತ್ ಹರಿಯುವುದನ್ನು ತೋರಿಸುವ ರೇಖೆ ಬರೆದಳು. ಉದ್ದಕ್ಕೂ ಸುಮ್ಮನಿದ್ದ ಗೆರೆ ಒಂದು ಕಡೆ ಧಡಕ್ಕನೆ ಕೆಳಗಿಳಿಯುತ್ತದೆ. "ಆ ಜಾಗದಲ್ಲಿ ಒಳಗೆ ಏನಾಗುತ್ತದೆ ಎಂದು ತಿಳಿಯಬೇಕು." ಅದನ್ನು ಬಳಸಿ ಪವರ್ ಸಪ್ಲೈ ಕಟ್ಟುವ ಬಗ್ಗೆ ಕೇಳಿದರೆ ಮುಖ ಸಪ್ಪೆಯಾಯಿತು.

ನನಗೆ ಅಷ್ಟು ಸಾಕಾಗಿತ್ತು. ಸರ್ಕ್ಯೂಟ್ ಕಟ್ಟುವ ಹುಚ್ಚಿದ್ದಿದ್ದರೆ ಲ್ಯಾಟರಲ್ ಎಂಟ್ರಿ ಹೇಳುತ್ತಿದ್ದೆ: ಪಿಯುಸಿಯಲ್ಲಿ ಗಣಿತ ಓದಿದ ಬಿ.ಎಸ್ಸಿ. ಪದವೀಧರರು ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆ ಎಐಸಿಟಿಇಯ ನಿಯಮದಂತೆ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಆದರೆ ಅದು ಇನ್ನೂ ಮೂರು ವರ್ಷ, ಕೊನೆಗೆ ಸಿಗುವುದು ಬಿ.ಇ. ಇವಳ ಕುತೂಹಲ ಪದಾರ್ಥದೊಳಗಿನದು. ಭೌತಶಾಸ್ತ್ರ ಎಂ.ಎಸ್ಸಿ. ಮಾಡು, ಪ್ರಾಜೆಕ್ಟನ್ನು ಅರೆವಾಹಕಗಳ ಮೇಲೆಯೇ ಆರಿಸಿಕೋ ಎಂದೆ. ದೆಹಲಿ ಐಐಟಿಯ ಭೌತಶಾಸ್ತ್ರ ವಿಭಾಗದ ಘನಸ್ಥಿತಿ ಪದಾರ್ಥಗಳ ಎಂ.ಟೆಕ್‌ನಂಥ ಕೋರ್ಸುಗಳು ಎಂ.ಎಸ್ಸಿ.ಯವರನ್ನು ತೆಗೆದುಕೊಳ್ಳುತ್ತವೆ.

"ಹಾಗಾದರೆ ಈ ಅಂಕ ದಂಡವಾಯಿತೇ?" ಎಂದರು ತಂದೆ. ಇಲ್ಲ. ಗೇಟ್ ಅಂಕಕ್ಕೆ ಮೂರು ವರ್ಷ ಆಯುಸ್ಸಿದೆ. ಈ ವರ್ಷವೇ ಎಂ.ಎಸ್ಸಿ. ಸೇರಿದರೆ ಮುಗಿಯುವಾಗಲೂ ಇದೇ ಅಂಕ ನಡೆಯುತ್ತದೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ ಎಂದಾಗ ಅವರು ಮೊದಲ ಬಾರಿ ತಲೆ ಎತ್ತಿದರು.

ಕಹಿಯನ್ನೂ ಮುಚ್ಚಿಡಲಿಲ್ಲ. ಗೇಟ್ ಮೂಲಕ ಎಂಜಿನಿಯರ್‌ಗಳನ್ನು ಆರಿಸುವ ಸಾರ್ವಜನಿಕ ಉದ್ಯಮಗಳು ಹೆಚ್ಚಾಗಿ ಬಿ.ಇ. ಪದವಿಯನ್ನೇ ಕೇಳುತ್ತವೆ, ಎಂ.ಟೆಕ್ ಇದ್ದರೂ ಆ ಕೊರತೆ ತುಂಬುವುದಿಲ್ಲ. ಸಂಶೋಧನೆ, ಖಾಸಗಿ ಉದ್ಯಮ ಸಾಕೇ ಎಂದು ಈಗಲೇ ಯೋಚಿಸು ಎಂದೆ. ಐದು ವಿಭಾಗಗಳ ಅರ್ಹತಾ ನಿಯಮಗಳನ್ನು ಅವರವರ ಜಾಲತಾಣದಲ್ಲೇ ಓದಿ, ಕೈಯಾರೆ ಬರೆದು ತರಲು ಹೇಳಿ ಕಳಿಸಿದೆ.

ಮೂರು ವಾರಕ್ಕೆ ಏಳು ವಿಭಾಗಗಳದ್ದು ಬರೆದು ತಂದಳು. ಎಂ.ಎಸ್ಸಿ. ಅರ್ಜಿ ಹಾಕಿಯಾಗಿದೆ. ತಂದೆ ಕೋಚಿಂಗ್ ಶುಲ್ಕ ವಾಪಸು ಕೇಳಲು ಇನ್ನೂ ಅಲೆಯುತ್ತಿದ್ದಾರೆ.