ಅಕೇಡಿಯನ್ನರ ಕಥೆಗಳನ್ನು ಎಲ್ಲಿಂದ ಓದಲು ಶುರು ಮಾಡಲಿ?

ಪ್ರಶ್ನೆ: ಕೆನಡಾದ ಅಕೇಡಿಯನ್ನರ ಬಗ್ಗೆ ನಾನು ಓದಿರುವುದು ಲಾಂಗ್‌ಫೆಲೋ ಬರೆದ 'ಇವ್ಯಾಂಜಲೀನ್' ಕಾವ್ಯ ಒಂದನ್ನೇ. ಅವರ ಸಂಸ್ಕೃತಿ ತಿಳಿಯಲು ಅದು ಸಾಕಾ? ಅವರೇ ಬರೆದ ಕಾದಂಬರಿಗಳಿವೆಯಾ?

ಉತ್ತರ: ಸಾಲದು. ಆ ಕಾವ್ಯ 1847ರದ್ದು. ಬರೆದವರು ಅಮೆರಿಕದವರು, ಕಥೆ ನಡೆಯುವ ಗ್ರಾಂ ಪ್ರೇ ಊರನ್ನು ಕಣ್ಣಾರೆ ಕಂಡವರೂ ಅಲ್ಲ. 1755ರಿಂದ ಬ್ರಿಟಿಷರು ಅಕೇಡಿಯನ್ನರನ್ನು, ಅಂದರೆ ಕೆನಡಾದ ಪೂರ್ವ ಕರಾವಳಿಯಲ್ಲಿ ನೆಲೆಸಿದ್ದ ಫ್ರೆಂಚ್ ರೈತರನ್ನು, ಹಡಗಿಗೆ ತುಂಬಿ ಊರು ಬಿಡಿಸಿದ್ದೇನೋ ನಿಜ. ಆದರೆ ಕಾವ್ಯದ ನಾಯಕಿ ನಲ್ಲನನ್ನು ಹುಡುಕುತ್ತಾ, ಎಲ್ಲವನ್ನೂ ಸಹಿಸುತ್ತಾ ಮುದುಕಿಯಾಗುತ್ತಾಳೆ. ಅಕೇಡಿಯನ್ನರೇ ಬರೆಯಲು ಕೂತಾಗ ಬಂದ ಹೆಂಗಸರು ಹಾಗಲ್ಲ, ಬಾಯಿ ಜೋರು!

ಆಂಟೊನೀನ್ ಮಾಯೆ ಅವರಿಂದ ಶುರು ಮಾಡಿ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಬುಕ್ಟೂಶ್‌ನಲ್ಲಿ 1929ರಲ್ಲಿ ಹುಟ್ಟಿ, 2025ರಲ್ಲಿ ತೀರಿಕೊಂಡವರು. 1979ರ 'ಪೆಲಾಜಿ ಲಾ ಶಾರೆಟ್' ಕಾದಂಬರಿಯಲ್ಲಿ ವಿಧವೆಯೊಬ್ಬಳು ಎತ್ತಿನ ಗಾಡಿ ಕಟ್ಟಿಕೊಂಡು ಅಮೆರಿಕದ ಜಾರ್ಜಿಯಾದಿಂದ ತನ್ನೂರಿಗೆ ವಾಪಸ್ ಹೊರಡುತ್ತಾಳೆ, ಚದುರಿಹೋದವರು ದಾರಿಯುದ್ದಕ್ಕೂ ಸೇರಿಕೊಳ್ಳುತ್ತಾ ಹೋಗುತ್ತಾರೆ, ಊರು ಮುಟ್ಟಲು ಹತ್ತು ವರ್ಷ ಹಿಡಿಯುತ್ತದೆ. ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ ಕೆನಡಾದವರಿಗೆ ಮೊದಲ ಸಲ ಸಿಕ್ಕಿದ್ದು ಇದಕ್ಕೇ.

ಆದರೂ ನನಗೆ ಜಾಸ್ತಿ ಇಷ್ಟ ಅವರದೇ 1971ರ 'ಲಾ ಸಾಗ್ವೀನ್', ಕಾದಂಬರಿಯಲ್ಲ, ಒಬ್ಬಳೇ ಮಾತಾಡುವ ನಾಟಕ. ಮೀನುಗಾರನ ಹೆಂಡತಿ, ಕಂಡವರ ಮನೆ ನೆಲ ಒರೆಸುವವಳು, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಸುಮ್ನೆ ಮಾತಾಡುತ್ತಾಳೆ, ಅಷ್ಟೇ ಪುಸ್ತಕ. ಜನಗಣತಿಯವರು ಬಂದು ನಿನ್ನ ರಾಷ್ಟ್ರೀಯತೆ ಏನು ಅಂದಾಗ ಅವಳಿಗೆ ತಲೆ ಕೆಡುತ್ತದೆ. ಅಮೆರಿಕನ್ ಅಲ್ಲ, ಇಂಗ್ಲಿಷರವಳಲ್ಲ, ಫ್ರಾನ್ಸಿನವಳಂತೂ ಅಲ್ಲವೇ ಅಲ್ಲ. ಅಕೇಡಿಯನ್ ಅಂದರೆ ಆ ಪದ ಅವರ ಪಟ್ಟಿಯಲ್ಲೇ ಇಲ್ಲ! ಅವಳ ಭಾಷೆಯೂ ಹಾಗೇ, 'ನಾನು' ಅಂದು ಕ್ರಿಯಾಪದ ಮಾತ್ರ 'ನಾವು'ಗೆ ಹೊಂದುವಂಥದ್ದು. ಮೇಷ್ಟ್ರು ಕಂಡರೆ ಕೆಂಪು ಗೆರೆ ಎಳೆಯುತ್ತಾರೆ, ಅಲ್ವಾ? ಆದರೆ ಅದು ತಪ್ಪು ಫ್ರೆಂಚ್ ಅಲ್ಲ, 17ನೇ ಶತಮಾನದಲ್ಲಿ ವಲಸೆ ಬಂದವರು ಪಶ್ಚಿಮ ಫ್ರಾನ್ಸಿನಿಂದ ತಂದ ಹಳೇ ಆಡುಮಾತು. ಮಾಯೆ ಅವರ ಡಾಕ್ಟರೇಟ್ ಕೂಡ 16ನೇ ಶತಮಾನದ ಫ್ರೆಂಚ್ ಲೇಖಕ ರಾಬ್ಲೆ ಮತ್ತು ಅಕೇಡಿಯಾದ ಬಾಯ್ಮಾತಿನ ಪರಂಪರೆಯ ಬಗ್ಗೆಯೇ.

ಈಚಿನವರು ಬೇಕಿದ್ದರೆ ಫ್ರಾನ್ಸ್ ಡೇಗ್ಲ್ ಅವರ 2011ರ 'ಪೂರ್ ಸೂರ್' ನೋಡಿ. ಅದರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಮಂಕ್ಟನ್ ಪೇಟೆಯ ಶಿಯಾಕ್ ಎಂಬ ಆಡುಮಾತು ಇದೆ. ನಾವು 'ಕಾರ್ ಪಾರ್ಕ್ ಮಾಡ್ದೆ' ಅನ್ನುವ ಹಾಗೆ ಇಂಗ್ಲಿಷ್ ಕ್ರಿಯಾಪದಕ್ಕೆ ಫ್ರೆಂಚ್ ಬಾಲ ಅಂಟಿಸುವ ಮಾತು ಅದು. ದಪ್ಪ ಪುಸ್ತಕ, ಒಂದೇ ಉಸಿರಿಗೆ ಮುಗಿಸಲು ಹೋಗಬೇಡಿ.

ಈ ಮೂರಕ್ಕೂ ಇಂಗ್ಲಿಷ್ ಅನುವಾದಗಳಿವೆ, ಆದರೆ ಮಾತಿನ ರುಚಿ ಅರ್ಧ ಅಲ್ಲೇ ಸೋರಿಹೋಗುತ್ತದೆ. ಅದಕ್ಕೇ ನಟಿ ವಿಯೋಲಾ ಲೆಜೆ ದಶಕಗಳ ಕಾಲ ಆಡಿದ ಸಾಗ್ವೀನ್ ಪಾತ್ರದ ವಿಡಿಯೊ ಹುಡುಕಿ ನೋಡಿ. ಫ್ರೆಂಚ್ ಬಾರದಿದ್ದರೂ ಆ ಧಾಟಿ ಕಿವಿಗೆ ಬೀಳುತ್ತದೆ.