ಸಾವಿರ ಬಂಗಡೆ ಎಂದರೆ ಒಂದರ ಸಾವಿರ ಪಟ್ಟಲ್ಲ

ಆತ್ಮೀಯರೇ,

ಕಾರವಾರದ ಕಡಲಂಚಿನ ಬಂಗಡೆ ಹಿಂಡುಗಳ ಚಲನೆಯನ್ನು ಗಣಿತದಿಂದ ವಿವರಿಸುವ ನಿಮ್ಮ ಲೇಖನ ತಲುಪಿತು. ರಂಪಣಿ ಬಲೆಯ ವರ್ಣನೆ ಚೆನ್ನಾಗಿದೆ, ಭಾಷೆಯೂ ತಿಳಿಯಾಗಿದೆ. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಬಹಳ ಕಾಡಿದವು. ಅವು ಹೀಗೇ ಇದ್ದರೆ ನಾನು ಲೇಖನವನ್ನು ಅಚ್ಚಿಗೆ ಕೊಡಲಾರೆ.

"ಒಂಟಿ ಮೀನು ಗೊತ್ತುಗುರಿಯಿಲ್ಲದೆ ಅಲೆಯುವಾಗ, ಸಮಯ ಇಮ್ಮಡಿಯಾದರೆ ದೂರವೂ ಇಮ್ಮಡಿಯಾಗುತ್ತದೆ" ಎಂದಿದ್ದೀರಿ. ಈಜಿದ ದೂರ ಇಮ್ಮಡಿಯಾದೀತು, ಹೊರಟ ಜಾಗದಿಂದ ಸರಿದ ದೂರ ಆಗದು. ಅದು ಬೆಳೆಯುವುದು ಸಮಯದ ವರ್ಗಮೂಲದಂತೆ. ಇಮ್ಮಡಿ ದೂರ ಸರಿಯಲು ನಾಲ್ಮಡಿ ಸಮಯ ಬೇಕು. ಶಿರಸಿಯಲ್ಲಿ ಬರವಣಿಗೆ ಕಲಿಯುತ್ತಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ಹಸ್ತಪ್ರತಿ ಓದಿದ ಹಿರಿಯ ಸಂಪಾದಕರು ನನ್ನನ್ನು ಅಡಿಕೆ ಒಣಗಿಸುವ ಅಂಗಳಕ್ಕೆ ಕರೆದೊಯ್ದು ಕೈಗೊಂದು ನಾಣ್ಯ ಕೊಟ್ಟರು. ಸಿಂಹ ಬಿದ್ದರೆ ಪೂರ್ವಕ್ಕೊಂದು ಹೆಜ್ಜೆ, ಅಂಕಿ ಬಿದ್ದರೆ ಪಶ್ಚಿಮಕ್ಕೊಂದು; 100 ಹೆಜ್ಜೆಯಾದ ಮೇಲೆ ಹೊರಟ ಜಾಗದಿಂದ ಎಷ್ಟು ದೂರವಿದ್ದೇನೆಂದು ಬರೆದಿಡಬೇಕು. ಎರಡು ಸಂಜೆ ಹಾಗೆ ಓಡಾಡಿ, ಬಂದ ದೂರಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಕಂಡಾಗ ದೊರೆತದ್ದು 100ರ ವರ್ಗಮೂಲವಾದ 10ರ ಆಸುಪಾಸಿನ ಸಂಖ್ಯೆ. ಆ ಅಂಗಳದಲ್ಲಿ ಕಲಿತದ್ದನ್ನು ನಾನು ಇಂದಿಗೂ ಮರೆತಿಲ್ಲ.

"ಸಾವಿರ ಬಂಗಡೆಗಳ ಹಿಂಡಿನ ನಡೆಯೆಂದರೆ ಒಂದು ಬಂಗಡೆಯ ನಡೆಯ ಸಾವಿರ ಪಟ್ಟು" ಎಂಬ ಮುಂದಿನ ವಾಕ್ಯ ಇನ್ನೂ ಕೆಟ್ಟದ್ದು. ಸಾವಿರ ಮೀನುಗಳು ಪರಸ್ಪರ ಲಕ್ಷಿಸದೆ ಅಲೆದರೆ, ಹಿಂಡಿನ ನಡುಬಿಂದು ಒಂಟಿ ಮೀನು ಸರಿಯುವ ದೂರದ ಸುಮಾರು 32ನೇ ಒಂದು ಭಾಗದಷ್ಟು ಮಾತ್ರ ಸರಿಯುತ್ತದೆ, ಏಕೆಂದರೆ ಒಂದರ ಅಲೆದಾಟವನ್ನು ಇನ್ನೊಂದರದು ಅಳಿಸುತ್ತದೆ. ನಿಜವಾದ ಹಿಂಡು ಒಂದೇ ದಿಕ್ಕಿಗೆ ಸಾಗುವುದು ಪ್ರತಿಯೊಂದೂ ಪಕ್ಕದವುಗಳನ್ನು ನೋಡಿ ತಿರುಗುವುದರಿಂದ. ಹಂಗೇರಿಯ ಭೌತವಿಜ್ಞಾನಿ ತಮಾಶ್ ವಿಚೆಕ್ ಮತ್ತು ಸಂಗಡಿಗರು 1995ರಲ್ಲಿ ಇಟ್ಟ ಗಣಿತ ಮಾದರಿಯಲ್ಲಿ, ಮೀನಿನಂತೆ ಚಲಿಸುವ ಪ್ರತಿ ಕಣವೂ ನೆರೆಯವುಗಳ ಸರಾಸರಿ ದಿಕ್ಕನ್ನು ಸಣ್ಣ ತಪ್ಪಿನೊಡನೆ ಹಿಡಿಯುತ್ತದೆ. ತಪ್ಪು ಸಾಕಷ್ಟು ತಗ್ಗಿದರೆ ಮುಂದಾಳಿಲ್ಲದೆಯೇ ಎಲ್ಲವೂ ಒಂದೇ ಕಡೆಗೆ ಹೊರಡುತ್ತವೆ.

ನಮ್ಮ ಕರಾವಳಿಯ ಅಳಿವೆಗಳಲ್ಲೂ ಇರುವ ಕರಿಮೀನಿನ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಒಂದು ಮೀನು ಯಾವುದೋ ಇನ್ನೊಂದು ಮೀನಿನ ದಿಕ್ಕನ್ನು ಅನುಕರಿಸಿದರೆ ಸಾಕು, ಹಿಂಡು ಕೂಡಿ ಸಾಗುತ್ತದೆ. ಹಿಂಡು ಚಿಕ್ಕದಾದಷ್ಟೂ ಆ ಹೊಂದಾಣಿಕೆ ಹೆಚ್ಚು. ಮೀನು ಹೆಚ್ಚಿದಷ್ಟೂ ಪಟ್ಟು ಹೆಚ್ಚುತ್ತದೆಂಬ ನಿಮ್ಮ ಲೆಕ್ಕಕ್ಕೆ ಇದು ನೇರ ವಿರುದ್ಧ.

ಮೂರನೆಯ ಪುಟವನ್ನು ಹೊಸದಾಗಿ ಬರೆಯಿರಿ. ಅದಕ್ಕೂ ಮೊದಲು ನೀವೇ ನಾಣ್ಯ ಚಿಮ್ಮಿ, ಬಂದ ಅಂಕಿಗಳನ್ನು ಲೇಖನದ ಜೊತೆಗೆ ನನಗೆ ಕಳಿಸಿ.